ಮೊದಲ ಪರದೆಯಲ್ಲಿ 3 ಮಿಂಚುಳ್ಳಿ, ಎರಡನೆಯದರಲ್ಲಿ 405: ಸ್ವಂತ ಆಬ್ಜೆಕ್ಟ್ ಕಳಿಸುವಾಗ ಏನಾಗುತ್ತಿದೆ?

ಹಕ್ಕಿಪುಸ್ತಕ ಕೇಳಿದ್ದು:

ಪ್ರೋಗ್ರಾಮಿಂಗ್ ನನ್ನ ವೃತ್ತಿಯಲ್ಲ. ಹಕ್ಕಿ ನೋಡುವ ಹವ್ಯಾಸಕ್ಕೆಂದು ಆಂಡ್ರಾಯ್ಡ್‌ನಲ್ಲಿ, ಕೋಟ್ಲಿನ್ ಭಾಷೆಯಲ್ಲಿ, ಒಂದು ದಿನಚರಿ ಆ್ಯಪ್ ಬರೆದುಕೊಳ್ಳುತ್ತಿದ್ದೇನೆ. ಅದನ್ನು ಬಳಸುವವನು ನಾನೊಬ್ಬನೇ, ಬೈಯುವವನೂ ನಾನೇ.

ಮೊದಲ ಪರದೆಯಲ್ಲಿ ಪಟ್ಟಿ ಇದೆ. ಒಂದು ಸಾಲನ್ನು ಒತ್ತಿದರೆ ಎರಡನೆಯ ಪರದೆಯಲ್ಲಿ ವಿವರ ತೆರೆಯುತ್ತದೆ. ‘ವೀಕ್ಷಣೆ’ ಎಂಬ ನನ್ನ ಕ್ಲಾಸ್‌ನಲ್ಲಿ, ಅಂದರೆ ಒಂದೊಂದು ದಾಖಲೆಯ ಆಬ್ಜೆಕ್ಟ್ ತಯಾರಾಗುವ ಅಚ್ಚಿನಲ್ಲಿ, ನಾಲ್ಕು ಫೀಲ್ಡ್‌ಗಳಿವೆ: ಹೆಸರು, ಎಣಿಕೆ, ಸಮಯ, ಟಿಪ್ಪಣಿ. ಎಣಿಕೆ ಇಂಟ್ (4 ಬೈಟ್‌ಗಳ ಪೂರ್ಣಾಂಕ), ಸಮಯ 1970ರ ಆರಂಭದಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿ ಲಾಂಗ್ (8 ಬೈಟ್‌ಗಳ ಪೂರ್ಣಾಂಕ), ಉಳಿದೆರಡು ಸ್ಟ್ರಿಂಗ್ (ಪಠ್ಯ). ಒಂದು ಪರದೆಯಿಂದ ಇನ್ನೊಂದನ್ನು ತೆರೆಯಿಸುವ ಸಂದೇಶವಾದ ಇಂಟೆಂಟ್‌ಗೆ ಸ್ಟ್ರಿಂಗ್ ಹಾಕಿದರೆ ತೆಪ್ಪಗೆ ಒಪ್ಪುತ್ತದೆ, ನನ್ನ ಕ್ಲಾಸ್ ಹಾಕಿದರೆ ಒಪ್ಪುವುದಿಲ್ಲ. ಮೊದಲು, ಆಬ್ಜೆಕ್ಟ್ ಅನ್ನು ತಾನಾಗಿ ಬೈಟ್‌ಗಳಾಗಿಸುವ ಸೀರಿಯಲೈಸಬಲ್ ಎಂದು ಸೇರಿಸಿದೆ, ಕೆಲಸ ನಡೆಯಿತು. ಆಮೇಲೆ ಎಲ್ಲೋ, ಅದೇ ಕೆಲಸಕ್ಕೆ ಆಂಡ್ರಾಯ್ಡ್‌ನದೇ ಆದ ಪಾರ್ಸಲೇಬಲ್ ಅದಕ್ಕಿಂತ ವೇಗ ಎಂದು ಓದಿ, ಒಂದು ಹಳೆಯ ಉದಾಹರಣೆಯನ್ನು ನೋಡಿಕೊಂಡು ಬರೆಯುವ ಭಾಗ, ಓದುವ ಭಾಗ ಎರಡನ್ನೂ ಕೈಯಾರೆ ಬರೆದೆ. ನೆಮ್ಮದಿಯಾಗಿದ್ದವನಿಗೆ ಇದು ಬೇಕಿರಲಿಲ್ಲ.

ಈಗ ನೋಡಿ: 2025ರ ಮಾರ್ಚ್ 2ರ ಬೆಳಿಗ್ಗೆ ನಾನು ಕಂಡದ್ದು 3 ಮಿಂಚುಳ್ಳಿ. ಪಟ್ಟಿಯಲ್ಲಿ 3 ಎಂದೇ ಇದೆ. ಒತ್ತಿದರೆ ವಿವರದ ಪರದೆಯಲ್ಲಿ 405! ವರ್ಷದ ಜಾಗದಲ್ಲಿ 19 ಕೋಟಿಗೂ ಮೀರಿದ ಸಂಖ್ಯೆ. ಹೆಸರು ಸರಿ, ಟಿಪ್ಪಣಿಯೂ ಸರಿ. ಆ್ಯಪ್ ಬೀಳುವುದಿಲ್ಲ, ದೋಷದ ಸಂದೇಶವೂ ಇಲ್ಲ. ಜನವರಿಯ ದಾಖಲೆಗಳು ಯಾವ ಹಕ್ಕಿಯಾದರೂ 404 ಎನ್ನುತ್ತವೆ. ವೆಬ್‌ನ ‘ಸಿಗಲಿಲ್ಲ’ ದೋಷವೇ ಇಲ್ಲಿಗೂ ಬಂದಿತೇ ಎಂದು ಅರ್ಧ ದಿನ ಆ ದಾರಿಯಲ್ಲಿ ಹುಡುಕಿದ್ದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನೂ ವಿಚಿತ್ರವೆಂದರೆ, ಟ್ಯಾಬ್ಲೆಟ್‌ನಲ್ಲಿ ಪಟ್ಟಿ ಮತ್ತು ವಿವರ ಪಕ್ಕಪಕ್ಕದಲ್ಲೇ ಬರುತ್ತವೆ. ಅಲ್ಲಿ ಅದೇ ಆಬ್ಜೆಕ್ಟ್ ಅನ್ನು ಫ್ರಾಗ್ಮೆಂಟ್‌ಗೆ (ಪರದೆಯ ಒಂದು ಭಾಗಕ್ಕೆ) ಆರ್ಗ್ಯುಮೆಂಟ್ ಆಗಿ ಕೊಡುತ್ತೇನೆ. ಅಲ್ಲಿ ಸರಿಯಾಗಿ 3 ಎಂದೇ ತೋರಿಸುತ್ತದೆ.

ಜೊತೆಗೆ ಇನ್ನೊಂದು ಕಾಟ. ಹಲವು ವೀಕ್ಷಣೆಗಳನ್ನು ಆರಿಸಿ, ಅವುಗಳ ಪುಟ್ಟ ಚಿತ್ರಗಳ ಬೈಟ್‌ಗಳ ಸಮೇತ ‘ಹೋಲಿಕೆ’ ಪರದೆಗೆ ಕಳಿಸುತ್ತೇನೆ. ಒಂದೊಂದು ಚಿತ್ರ ಸುಮಾರು 60 ಕೆಬಿ. ಹತ್ತು ಹನ್ನೆರಡು ಆರಿಸಿದರೆ ಸರಿ, ಇಪ್ಪತ್ತು ಆರಿಸಿದರೆ ಆ್ಯಪ್ ಸತ್ತೇ ಹೋಗುತ್ತದೆ. ನಡುವೆ ಒಮ್ಮೊಮ್ಮೆ 16ಕ್ಕೆ ಬದುಕುತ್ತದೆ, ಒಮ್ಮೊಮ್ಮೆ ಇಲ್ಲ.

ನೇರದಾರಿ ಉತ್ತರಿಸಿದ್ದು:

ಇಷ್ಟಕ್ಕೆಲ್ಲ ಪಾರ್ಸಲೇಬಲ್ ಏಕೆ? ಎಲ್ಲ ಪರದೆಗಳಿಗೂ ಸಿಗುವ ಒಂದು ಗ್ಲೋಬಲ್ ಆಬ್ಜೆಕ್ಟ್ ಮಾಡಿ, ಆರಿಸಿದ ವೀಕ್ಷಣೆಯನ್ನು ಅದರಲ್ಲಿಟ್ಟು ಎರಡನೆಯ ಪರದೆಯಲ್ಲಿ ಎತ್ತಿಕೊಳ್ಳಿ. ಎರಡು ಸಾಲಿನ ಕೆಲಸ. ನಾನು ಯಾವಾಗಲೂ ಮಾಡುವುದು ಹೀಗೆಯೇ.

ಬೈಟ್‌ಬುಟ್ಟಿ ಉತ್ತರಿಸಿದ್ದು:

ನೇರದಾರಿಯವರೇ, ನಿಮ್ಮ ಆ್ಯಪ್ ತೆರೆದು ವಿವರದ ಪರದೆಗೆ ಹೋಗಿ. ಹೋಮ್ ಒತ್ತಿ ಹೊರಬನ್ನಿ. ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಾಧನವಾದ ಎಡಿಬಿಯಿಂದ, ಆ್ಯಪ್‌ನ ಪ್ರಕ್ರಿಯೆಯನ್ನು ಕೊಲ್ಲುವ ‘ಎಎಮ್ ಕಿಲ್’ ಆಜ್ಞೆ ಕೊಟ್ಟು, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ಒಳಗೆ ಬನ್ನಿ. ಸ್ಮೃತಿ ಕಡಿಮೆಯಾದಾಗ ಆಂಡ್ರಾಯ್ಡ್ ತಾನಾಗಿಯೇ ಮಾಡುವುದು ಇದನ್ನೇ. ಪ್ರಕ್ರಿಯೆ ಹೊಸದಾಗಿ ಹುಟ್ಟುತ್ತದೆ, ವ್ಯವಸ್ಥೆ ನೇರವಾಗಿ ಎರಡನೆಯ ಪರದೆಯನ್ನೇ ಮರಳಿ ಕಟ್ಟುತ್ತದೆ, ನಿಮ್ಮ ಗ್ಲೋಬಲ್ ಮಾತ್ರ ಖಾಲಿ. ಇಂಟೆಂಟ್‌ನಲ್ಲಿ ಇಟ್ಟದ್ದು ಉಳಿದಿರುತ್ತದೆ, ಏಕೆಂದರೆ ಅದರ ಪ್ರತಿ ವ್ಯವಸ್ಥೆಯ ಬಳಿ ಇರುತ್ತದೆ.

ಇನ್ನು ಮಿಂಚುಳ್ಳಿ. ಕೋಡ್ ನೋಡದೆಯೇ ಹೇಳುತ್ತೇನೆ: ಬರೆಯುವಾಗ ನೀವು ಎಣಿಕೆ, ಸಮಯ ಎಂಬ ಕ್ರಮದಲ್ಲಿ ಬರೆದಿದ್ದೀರಿ, ಓದುವಾಗ ಸಮಯ, ಎಣಿಕೆ ಎಂದು ಓದಿದ್ದೀರಿ.

ಪಾರ್ಸಲೇಬಲ್ ತುಂಬುವ ಪಾರ್ಸೆಲ್ ಎಂಬುದು ಚೀಟಿ ಅಂಟಿಸದ ಪೊಟ್ಟಣ. ಒಳಗೆ ಬೈಟ್‌ಗಳು ಸಾಲಾಗಿ ಕೂತಿರುತ್ತವೆ, ಯಾವುದು ಯಾವ ಫೀಲ್ಡ್ ಎಂಬ ಗುರುತಿರುವುದಿಲ್ಲ. ನಿಮ್ಮ ಸಾಲಿನಲ್ಲಿ ನಾಲ್ಕು ನಾಲ್ಕು ಬೈಟ್‌ಗಳ ಮೂರು ತುಂಡುಗಳಿವೆ: ಎಣಿಕೆ, ಸಮಯದ ಕೆಳ ಅರ್ಧ, ಸಮಯದ ಮೇಲರ್ಧ. ಲಾಂಗ್ ಅನ್ನು ಮೊದಲು ಓದಿದರೆ ಅದು ಮೊದಲ ಎರಡು ತುಂಡುಗಳನ್ನು ನುಂಗುತ್ತದೆ. ಎಣಿಕೆಗೆ ಉಳಿಯುವುದು ಸಮಯದ ಮೇಲರ್ಧ. ಮಿಲಿಸೆಕೆಂಡುಗಳ ಸಂಖ್ಯೆಯನ್ನು 4294967296ರಿಂದ ಭಾಗಿಸಿ ನೋಡಿ, ಮಾರ್ಚ್ 2ಕ್ಕೆ ಭಾಗಲಬ್ಧ 405. ಅದು ಒಂದು ಏರಲು ಸುಮಾರು 49.7 ದಿನ ಬೇಕು, ಆದ್ದರಿಂದಲೇ ಜನವರಿಗೆ 404. ಎರಡೂ ಕ್ರಮದಲ್ಲಿ ಒಟ್ಟು 12 ಬೈಟ್‌ಗಳೇ ಆದ್ದರಿಂದ ಹಿಂದೆ ನಿಂತ ಟಿಪ್ಪಣಿಗೆ ಏಟು ಬೀಳಲಿಲ್ಲ. ಅಳತೆ ಒಂದಿಷ್ಟು ತಪ್ಪಿದ್ದರೂ ಟಿಪ್ಪಣಿ ಕೆಟ್ಟೋ ಆ್ಯಪ್ ಕುಸಿದೋ ನಿಮಗೆ ಅಂದೇ ಗೊತ್ತಾಗುತ್ತಿತ್ತು.

ಟ್ಯಾಬ್ಲೆಟ್ ನಿಮ್ಮನ್ನು ಮೋಸಗೊಳಿಸಿದೆ, ಅಷ್ಟೇ. ಫ್ರಾಗ್ಮೆಂಟ್‌ಗೆ ಕೊಟ್ಟ ಬಂಡಲ್ (ಆರ್ಗ್ಯುಮೆಂಟ್‌ಗಳ ಗಂಟು) ಅದೇ ಪ್ರಕ್ರಿಯೆಯ ಸ್ಮೃತಿಯಲ್ಲಿ ಇರುವವರೆಗೆ ಪೊಟ್ಟಣ ಕಟ್ಟುವ ಪ್ರಸಂಗವೇ ಬರುವುದಿಲ್ಲ, ಮೂಲ ಆಬ್ಜೆಕ್ಟೇ ಕೈಗೆ ಸಿಗುತ್ತದೆ. ಅಲ್ಲಿಯೂ ‘ಎಎಮ್ ಕಿಲ್’ ಮಾಡಿ ನೋಡಿ, 405 ಪ್ರತ್ಯಕ್ಷವಾಗುತ್ತದೆ.

ಕೈಬರಹ ಬಿಡಿ. ಕೋಟ್ಲಿನ್-ಪಾರ್ಸಲೈಜ್ ಪ್ಲಗಿನ್ ಸೇರಿಸಿ, ಕ್ಲಾಸ್ ಮೇಲೆ ಪಾರ್ಸಲೈಜ್ ಎಂಬ ಗುರುತು ಹಾಕಿದರೆ ಎರಡೂ ಭಾಗಗಳನ್ನು ಕಂಪೈಲರ್ ಒಂದೇ ಕ್ರಮದಲ್ಲಿ ಬರೆಯುತ್ತದೆ. ಒಂದು ಎಚ್ಚರ ಇರಲಿ: ಮುಖ್ಯ ಕನ್‌ಸ್ಟ್ರಕ್ಟರ್‌ನಲ್ಲಿ (ಕ್ಲಾಸ್‌ನ ಹೆಸರಿನ ಪಕ್ಕದ ಆವರಣದಲ್ಲಿ) ಇರುವ ಫೀಲ್ಡ್‌ಗಳು ಮಾತ್ರ ಪೊಟ್ಟಣಕ್ಕೆ ಹೋಗುತ್ತವೆ, ಕ್ಲಾಸ್‌ನ ಒಡಲಿನಲ್ಲಿ ಘೋಷಿಸಿದವು ಹಿಂದೆಯೇ ಉಳಿಯುತ್ತವೆ. ಇಂಟೆಂಟ್‌ನಿಂದ ಆಬ್ಜೆಕ್ಟ್ ಎತ್ತಿಕೊಳ್ಳುವಾಗ ಇಂಟೆಂಟ್‌ಕಂಪ್ಯಾಟ್ ಎಂಬ ಸಹಾಯಕ ಕ್ಲಾಸ್ ಬಳಸಿ. ಹೆಸರನ್ನಷ್ಟೇ ಕೇಳುವ ಹಳೆಯ ವಿಧಾನವನ್ನು ಆಂಡ್ರಾಯ್ಡ್ 13ರಲ್ಲಿ ‘ಇನ್ನು ಬಳಸಬೇಡಿ’ ಎಂಬ ಪಟ್ಟಿಗೆ ಸರಿಸಿದರು. ಅದರ ಬದಲು ಬಂದ, ಕ್ಲಾಸ್ ಅನ್ನೂ ಕೇಳುವ ವಿಧಾನದಲ್ಲಿ ಆ ಆವೃತ್ತಿಯಲ್ಲಿಯೇ ಒಂದು ದೋಷವಿತ್ತು, ಇಂಟೆಂಟ್‌ಕಂಪ್ಯಾಟ್ ಅದನ್ನು ತಪ್ಪಿಸುತ್ತದೆ.

ಸೀರಿಯಲೈಸಬಲ್‌ನಲ್ಲಿ ನಾಲ್ಕು ಫೀಲ್ಡ್‌ಗಳಿಗೆ ನಿಮ್ಮ ಕಣ್ಣಿಗೆ ಕಾಣುವಷ್ಟು ತಡವೇನೂ ಆಗುತ್ತಿರಲಿಲ್ಲ. ವೇಗ ಎಂಬ ಮಾತಿಗೆ ಮರುಳಾದಿರಿ.

ಕೊನೆಯಪರದೆ ಉತ್ತರಿಸಿದ್ದು:

ಚಿತ್ರಗಳ ಸಾವಿಗೆ ಕಾರಣ ಬೇರೆ. ಇಂಟೆಂಟ್ ಸಾಗುವುದು ಬೈಂಡರ್ ಮೂಲಕ, ಅಂದರೆ ಪ್ರಕ್ರಿಯೆಗಳ ನಡುವೆ ಮಾಹಿತಿ ಒಯ್ಯುವ ಆಂಡ್ರಾಯ್ಡ್‌ನ ವ್ಯವಸ್ಥೆಯ ಮೂಲಕ. ಅದರ ಬಫರ್ ಒಂದು ಪ್ರಕ್ರಿಯೆಗೆ 1 ಎಂಬಿ ಮಾತ್ರ, ಅದೂ ಆ ಕ್ಷಣಕ್ಕೆ ನಡೆಯುತ್ತಿರುವ ಎಲ್ಲ ವ್ಯವಹಾರಗಳಿಗೂ ಸೇರಿ. 60 ಕೆಬಿಯ 18 ಚಿತ್ರಗಳು 1080 ಕೆಬಿ, ಅಲ್ಲಿಗೆ ಮುಗಿಯಿತು. 16ಕ್ಕೆ ಒಮ್ಮೆ ಬದುಕಿ ಒಮ್ಮೆ ಸಾಯುವುದು ಆ ಹೊತ್ತಿನಲ್ಲಿ ಬೇರೆ ಯಾರು ಬಫರ್ ಹಿಡಿದಿದ್ದಾರೆ ಎಂಬುದರ ಮೇಲೆ. ಚಿತ್ರವನ್ನು ಫೈಲ್‌ನಲ್ಲಿಡಿ, ಅದರ ಯುಆರ್‌ಐ (ಫೈಲ್‌ನ ವಿಳಾಸ) ಮಾತ್ರ ಕಳಿಸಿ.

ನನ್ನನ್ನು ಕೇಳಿದರೆ ‘ವೀಕ್ಷಣೆ’ಯನ್ನೂ ಕಳಿಸಬೇಡಿ. ಎರಡನೆಯ ಪರದೆಗೆ ತಲುಪುವುದು ಪ್ರತಿಯೇ ಹೊರತು ಮೂಲವಲ್ಲ. ಅಲ್ಲಿ ತಿದ್ದಿದರೆ ಮೊದಲ ಪರದೆಗೆ ಗೊತ್ತಾಗುವುದಿಲ್ಲ. ದಾಖಲೆಗಳು ಹೇಗೂ ಡೇಟಾಬೇಸ್‌ನಲ್ಲಿ ಇರಬೇಕಲ್ಲ? ಐಡಿ ಒಂದನ್ನು ಕಳಿಸಿ, ಉಳಿದದ್ದನ್ನು ಅಲ್ಲಿಂದ ಓದಲಿ.

ಹಕ್ಕಿಪುಸ್ತಕ ಬರೆದದ್ದು:

ಬೈಟ್‌ಬುಟ್ಟಿಯವರೇ, ಕ್ರಮ ತಿರುಗುಮುರುಗಾಗಿದ್ದುದು ನಿಜ. ಕಂಡು ನಾಚಿಕೆಯೂ ಆಯಿತು, ನಗುವೂ ಬಂತು. ಪಾರ್ಸಲೈಜ್ ಹಾಕಿದೆ, ಸರಿಯಾಯಿತು. ಐಡಿಯ ಬದಲಾವಣೆಯನ್ನು ಈ ವಾರ ಮಾಡುತ್ತೇನೆ.

ಆದರೆ ಡೇಟಾಬೇಸ್ ಎಂದ ಕೂಡಲೇ ಎದೆ ಧಸಕ್ಕೆಂದಿತು. ವಿವರದ ಪರದೆಯಲ್ಲಿ ಟಿಪ್ಪಣಿ ತಿದ್ದಿ ಉಳಿಸುವ ಗುಂಡಿ ಇದೆ. ಅದು ಇಡೀ ಆಬ್ಜೆಕ್ಟ್ ಅನ್ನು ಬರೆಯುತ್ತದೆ, 405ರ ಸಮೇತ. ಒಟ್ಟು 12 ದಾಖಲೆಗಳಿಗೆ ಹೀಗಾಗಿದೆ. ಅವನ್ನು ಅಳಿಸಿಬಿಡಲೇ? ಮಿಂಚುಳ್ಳಿಯ ಸಂಖ್ಯೆ ನೆನಪಿದೆ, ಉಳಿದವು ಇಲ್ಲ. ಎರಡು ದಾಖಲೆಗಳಂತೂ 1970ರ ಫೆಬ್ರವರಿ ಎನ್ನುತ್ತವೆ. ಆಗ ನಾನು ಹುಟ್ಟಿರಲೇ ಇಲ್ಲ.

ಬೈಟ್‌ಬುಟ್ಟಿ ಉತ್ತರಿಸಿದ್ದು:

ಅಳಿಸಬೇಡಿ! ಒಂದು ಬಿಟ್ ಕೂಡ ಕಳೆದುಹೋಗಿಲ್ಲ, ಜಾಗ ಬದಲಾಗಿದೆ ಅಷ್ಟೇ. ಕೆಟ್ಟ ಸಮಯದ ಕೆಳಗಿನ 32 ಬಿಟ್‌ಗಳೇ ನಿಜವಾದ ಎಣಿಕೆ. ಕೆಟ್ಟ ಎಣಿಕೆಯನ್ನು 4294967296ರಿಂದ ಗುಣಿಸಿ, ಅದಕ್ಕೆ ಕೆಟ್ಟ ಸಮಯದ ಮೇಲಿನ 32 ಬಿಟ್‌ಗಳನ್ನು ಚಿಹ್ನೆಯಿಲ್ಲದ ಸಂಖ್ಯೆಯಾಗಿ ಕೂಡಿಸಿದರೆ ನಿಜವಾದ ಸಮಯ. 1970ರವನ್ನು ನೀವು ಎರಡು ಬಾರಿ ಉಳಿಸಿರಬೇಕು, ಅವಕ್ಕೆ ಇದೇ ಲೆಕ್ಕವನ್ನು ಎರಡು ಸಲ ಮಾಡಿ. ಮೊದಲು ಬ್ಯಾಕಪ್.

ಹಕ್ಕಿಪುಸ್ತಕ ಬರೆದದ್ದು:

ಲೆಕ್ಕ ಬರೆಯಲು ಕೂತಾಗ ಒಂದು ಕಾಜಾಣ ಅಡ್ಡ ಬಂತು. ಆ ದಾಖಲೆಯ ಟಿಪ್ಪಣಿಯನ್ನು ನಾನು ಮೂರು ಸಲ ತಿದ್ದಿದ್ದು ಚೆನ್ನಾಗಿ ನೆನಪಿದೆ, ಎಲ್ಲಕ್ಕಿಂತ ಹೆಚ್ಚು ಕೆಟ್ಟಿರಬೇಕಾದದ್ದು ಅದೇ. ನೋಡಿದರೆ ಎಣಿಕೆ ಸರಿ, ತಾರೀಖೂ ಸರಿ.

ನೀವು ಹೇಳಿದ ಮೂರು ತುಂಡುಗಳನ್ನು ಮೂರು ಕಾಗದದ ಚೂರುಗಳಲ್ಲಿ ಬರೆದು ಮೇಜಿನ ಮೇಲೆ ಸರಿಸುತ್ತಾ ಹೋದೆ. ಪ್ರತಿ ಬಾರಿ ಉಳಿಸಿದಾಗಲೂ ಕೊನೆಯ ಚೂರು ಮುಂದಕ್ಕೆ ಬರುತ್ತದೆ, ಉಳಿದೆರಡು ಹಿಂದಕ್ಕೆ ಸರಿಯುತ್ತವೆ. ಮೂರನೆಯ ಬಾರಿಗೆ ಎಲ್ಲವೂ ಹೊರಟ ಜಾಗಕ್ಕೇ ಬಂದು ನಿಲ್ಲುತ್ತವೆ!

ಹಾಗಾಗಿ ತಿದ್ದುವ ಕೋಡ್ ಬರೆಯಲೇ ಇಲ್ಲ. ಹಳೆಯ ತಪ್ಪು ಕೋಡನ್ನೇ ಮತ್ತೆ ಕಟ್ಟಿ ಫೋನಿಗೆ ಹಾಕಿದೆ. ಉಳಿದ ಹತ್ತನ್ನು ಎರಡೆರಡು ಬಾರಿ, 1970ರವನ್ನು ಒಂದೊಂದು ಬಾರಿ ತೆರೆದು ಉಳಿಸಿ, ಪಟ್ಟಿಗೆ ಮರಳಿ ನೋಡಿದೆ. ಮಿಂಚುಳ್ಳಿ 3. ಆಮೇಲೆ ಹೊಸ ಆವೃತ್ತಿ ಹಾಕಿದೆ.

ಬೈಟ್‌ಬುಟ್ಟಿ ಉತ್ತರಿಸಿದ್ದು:

ದೋಷವನ್ನು ದೋಷದಿಂದಲೇ ತಿದ್ದಿದವರನ್ನು ಇದೇ ಮೊದಲು ನೋಡಿದೆ. ಬ್ಯಾಕಪ್ ತೆಗೆದುಕೊಂಡಿದ್ದಿರಿ ತಾನೇ?

ಹಕ್ಕಿಪುಸ್ತಕ ಬರೆದದ್ದು:

ಎರಡು.