ಅಪ್ಪನಿಗೆ ಸ್ಟೆಂಟ್ ಇದೆ: ಯುರೋಪ್ ಪ್ರವಾಸಕ್ಕೆ ಯಾವ ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳಲಿ?

ದಾರಿಹೋಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ನಾನು ಬರುವ ಸೆಪ್ಟೆಂಬರ್‌ನಲ್ಲಿ ಯುರೋಪ್‌ಗೆ ಹೊರಟಿದ್ದೇವೆ. ಮೊದಲು ಪ್ಯಾರಿಸ್, ಅಲ್ಲಿಂದ ಫ್ರಾನ್ಸ್‌ನದೇ ಬೆಟ್ಟದ ಊರು ಶಾಮೊನಿ, ಆಮೇಲೆ ಸ್ವಿಟ್ಜರ್ಲೆಂಡ್. ಕೊನೆಗೆ ಲಂಡನ್‌ನಲ್ಲಿರುವ ಅಕ್ಕನ ಮನೆ. ಶಾಮೊನಿಯಲ್ಲಿ ಅಪ್ಪ ಅಮ್ಮ ಊರು ನೋಡಿಕೊಂಡು ಆರಾಮಾಗಿ ಇರುತ್ತಾರೆ. ಆ ಹೊತ್ತಿಗೆ ನಾನು ಮೋಂ ಬ್ಲಾಂ ಪರ್ವತವನ್ನು ಸುತ್ತುವ ಟೂರ್ ದು ಮೋಂ ಬ್ಲಾಂ ಅನ್ನುವ ಚಾರಣದ ಹಾದಿಯಲ್ಲಿ ಸ್ವಲ್ಪ ದೂರ ನಡೆಯಬೇಕು ಅಂತಿದ್ದೇನೆ.

ಅಪ್ಪನಿಗೆ 68 ವರ್ಷ. ಕೆಲವು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಈಗ ಚೆನ್ನಾಗಿದ್ದಾರೆ. ಅಮ್ಮನಿಗೆ ಶುಗರ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ವಿಮಾನದ ಟಿಕೆಟ್ ಆಗಿದೆ. ವೀಸಾ ಇನ್ನೂ ಆಗಬೇಕು.

ಎರಡು ಪಾಲಿಸಿ ನೋಡಿದ್ದೇನೆ. ಮೊದಲನೆಯದರಲ್ಲಿ ಲಗೇಜ್ ಕಳೆದರೆ, ವಿಮಾನ ತಡವಾದರೆ, ಪಾಸ್‌ಪೋರ್ಟ್ ಕಳೆದರೆ ಒಳ್ಳೆಯ ಮೊತ್ತ ಕೊಡುತ್ತಾರೆ. ಆದರೆ ಆಸ್ಪತ್ರೆ ಖರ್ಚಿಗೆ ಇರುವುದು ವೀಸಾಕ್ಕೆ ಬೇಕಾದಷ್ಟೇ, ಅಂದರೆ 30,000 ಯೂರೋ. ಎರಡನೆಯದರಲ್ಲಿ ಆಸ್ಪತ್ರೆ ಕವರ್ ಅದರ ಹಲವು ಪಟ್ಟು ಇದೆ, ಉಳಿದದ್ದೆಲ್ಲ ಕಡಿಮೆ. ಪ್ರೀಮಿಯಂ ಹೆಚ್ಚುಕಡಿಮೆ ಒಂದೇ.

ಏಜೆಂಟ್ ಒಬ್ಬರು ಮೊದಲನೆಯದನ್ನೇ ತಗೊಳ್ಳಿ ಅಂತಾರೆ. "ಸ್ಟೆಂಟ್ ವಿಷಯ ಫಾರ್ಮ್‌ನಲ್ಲಿ ಬರೆಯಬೇಡಿ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂತಲೂ ಹೇಳಿದರು. ಈ ಮಾತು ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ನಕ್ಷೆಪೆಟ್ಟಿಗೆ ಬರೆದದ್ದು:

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಲಂಡನ್ ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನಲ್ಲಿ, ಇಲ್ಲ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿ ಇದೆ. ಹಾಗಾಗಿ "ಷೆಂಗೆನ್ ಪ್ಲಾನ್" ಅಂತ ಮಾರುವ ಪಾಲಿಸಿ ತಗೊಂಡರೆ, ಅಕ್ಕನ ಮನೆಗೆ ಹೋದ ದಿನದಿಂದ ನಿಮಗೆ ಕವರ್ ಇಲ್ಲದೆ ಹೋಗಬಹುದು. ಯಾವ ಯಾವ ದೇಶಕ್ಕೆ ಅನ್ವಯ ಅನ್ನುವುದು ಪಾಲಿಸಿಯಲ್ಲೇ ಬರೆದಿರುತ್ತದೆ. ಅದನ್ನು ಓದಿ. ಬ್ರಿಟನ್ ಹೆಸರು ಕಾಣದಿದ್ದರೆ ಬೇರೆ ಪಾಲಿಸಿ ಹುಡುಕಿ.

ವೀಸಾ ನಿಯಮದ ಪ್ರಕಾರ ಕವರ್ ಎಲ್ಲ ಷೆಂಗೆನ್ ದೇಶಗಳಿಗೂ ಇರಬೇಕು, ಅಲ್ಲಿರುವ ಅಷ್ಟೂ ದಿನಕ್ಕೆ ಇರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ, ಕಾಯಿಲೆಯಾದರೆ ಸ್ವದೇಶಕ್ಕೆ ವಾಪಸ್ ಕಳಿಸುವ ಖರ್ಚು, ಸಾವಾದರೆ ಆಗುವ ಖರ್ಚು, ಇಷ್ಟೂ ಅದರಲ್ಲಿ ಬರಬೇಕು.

ಕಡತದಮ್ಮ ಬರೆದದ್ದು:

ನಾನು ಬಹಳ ವರ್ಷ ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವಳು. ಆಸ್ಪತ್ರೆಯ ಕಾರಿಡಾರ್‌ನಿಂದ ಮಕ್ಕಳು ಫೋನ್ ಮಾಡುತ್ತಿದ್ದರು. ಆ ಕರೆಗಳನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬಳು. ಅದಕ್ಕೇ ನಿಮ್ಮ ಪ್ರಶ್ನೆಗೆ ಉದ್ದ ಉತ್ತರ ಬರೆಯುತ್ತಿದ್ದೇನೆ.

ಸ್ಟೆಂಟ್ ಬಗ್ಗೆ ಬರೆಯಿರಿ. ಖಂಡಿತ ಬರೆಯಿರಿ. ಆ ಏಜೆಂಟ್ ಕೊಟ್ಟಿರುವುದು ಅಪಾಯದ ಸಲಹೆ. ನಾಳೆ ಪ್ಯಾರಿಸ್‌ನಲ್ಲಿ ಅಪ್ಪನಿಗೆ ಎದೆನೋವು ಬಂತು ಅಂದುಕೊಳ್ಳಿ. ಎಮರ್ಜೆನ್ಸಿಯಲ್ಲಿ ಡಾಕ್ಟರ್ ಮೊದಲು ಕೇಳುವುದು ಏನು? ಹಿಂದೆ ಹೃದಯದ ತೊಂದರೆ ಇತ್ತಾ, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ. ನೀವು ನಿಜ ಹೇಳಲೇಬೇಕು, ಅಪ್ಪನ ಜೀವದ ಪ್ರಶ್ನೆ. ಅದು ಆಸ್ಪತ್ರೆಯ ದಾಖಲೆಗೆ ಹೋಗುತ್ತದೆ. ಆ ದಾಖಲೆ ಕ್ಲೇಮ್ ಜೊತೆ ನಮ್ಮಂಥವರ ಮೇಜಿಗೆ ಬರುತ್ತದೆ. ಫಾರ್ಮ್‌ನಲ್ಲಿ "ಯಾವ ಕಾಯಿಲೆಯೂ ಇಲ್ಲ" ಅಂತ ಇದ್ದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಬೇರೆ ಕಾರಣ ಬೇಕಾಗಿಲ್ಲ. ಎಷ್ಟೋ ಸಲ ಪಾಲಿಸಿಯನ್ನೇ ರದ್ದು ಮಾಡುತ್ತಾರೆ. ಉಳಿಸಿದ ಪ್ರೀಮಿಯಂ ಎಷ್ಟು, ಕಟ್ಟಬೇಕಾದ ಬಿಲ್ ಎಷ್ಟು, ನೀವೇ ಯೋಚಿಸಿ.

ಬರೆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಆ ಪಾಲಿಸಿ ಏನು ಕೊಡುತ್ತದೆ ಅಂತ ನೋಡಬೇಕು. ಕೆಲವು ಪಾಲಿಸಿಗಳು ಏನೂ ಕೊಡುವುದಿಲ್ಲ. ಕೆಲವು ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಕೊಡುತ್ತವೆ, ಅದೂ ಬೇರೆಯದೇ ಸಣ್ಣ ಮಿತಿಯೊಳಗೆ. ಇನ್ನು ಕೆಲವು, ಕಾಯಿಲೆ ಇಷ್ಟು ತಿಂಗಳಿಂದ ಸ್ಥಿರವಾಗಿರಬೇಕು ಅನ್ನುತ್ತವೆ. ಈ "ಸ್ಥಿರ" ಅನ್ನುವ ಕಡೆ ಜನ ಬಹಳ ಎಡವುತ್ತಾರೆ. ಆಸ್ಪತ್ರೆಗೆ ಸೇರಿಲ್ಲ, ಆರಾಮಾಗಿದ್ದೇನೆ ಅಂತ ಅವರು ತಿಳಿದಿರುತ್ತಾರೆ. ಆದರೆ ಹೊರಡುವ ಸ್ವಲ್ಪ ಮುಂಚೆ ಡಾಕ್ಟರ್ ಬಿಪಿ ಮಾತ್ರೆಯ ಡೋಸ್ ಬದಲಿಸಿರುತ್ತಾರೆ. ಕೆಲವು ಪಾಲಿಸಿಗಳ ಪ್ರಕಾರ ಅದೂ ಅಸ್ಥಿರವೇ. ಹಾಗಾಗಿ ಅಪ್ಪನ ಹೃದಯದ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಸ್ಟೆಂಟ್ ಹಾಕಿದ ದಿನಾಂಕ, ಈಗಿನ ಮಾತ್ರೆಗಳು, ಪ್ರಯಾಣ ಮಾಡಬಹುದು ಅನ್ನುವ ಮಾತು, ಮೂರೂ ಅದರಲ್ಲಿ ಇರಲಿ.

ವಯಸ್ಸಿನ ಮಿತಿಯನ್ನೂ ನೋಡಿ. ಮುಖಪುಟದಲ್ಲಿ ದೊಡ್ಡ ಮೊತ್ತ ಇರುತ್ತದೆ. ಒಳಗೆ ಹೋದರೆ, ಇಷ್ಟು ವಯಸ್ಸು ದಾಟಿದವರಿಗೆ ಕೋಣೆಗೆ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ ಕತ್ತರಿಸಿರುತ್ತಾರೆ. ಅಪ್ಪನಿಗೆ ಸಿಗುವುದು ಒಳಗಿನ ಸಂಖ್ಯೆ.

ಇನ್ನು ಎರಡು ಪಾಲಿಸಿಗಳ ವಿಷಯ. ಕಣ್ಣುಮುಚ್ಚಿ ಎರಡನೆಯದರ ಕಡೆ ವಾಲುತ್ತೇನೆ. ಸೂಟ್‌ಕೇಸ್ ಕಳೆದರೆ ಬೇಜಾರಾಗುತ್ತದೆ. ಆಸ್ಪತ್ರೆ ಬಿಲ್ ಹೆಚ್ಚಾದರೆ ಮನೆ ಮಾರುವ ಹಾಗಾಗುತ್ತದೆ. 30,000 ಯೂರೋ ಅನ್ನುವುದು ವೀಸಾ ಕೊಡಲು ಇಟ್ಟಿರುವ ಕನಿಷ್ಠ ಮಿತಿ. ಹೃದಯದ ಆಪರೇಷನ್, ಐಸಿಯು ದಿನಗಳು, ಆಮೇಲೆ ನರ್ಸ್ ಜೊತೆ ವಿಮಾನದಲ್ಲಿ ಮಲಗಿಸಿಕೊಂಡು ಮನೆಗೆ ತರುವುದು, ಇವೆಲ್ಲ ಸೇರಿದರೆ ಅಷ್ಟರಲ್ಲಿ ಮುಗಿಯುವ ಲೆಕ್ಕ ಅಲ್ಲ. ಸ್ವದೇಶಕ್ಕೆ ತರುವ ಖರ್ಚು ಆಸ್ಪತ್ರೆಯ ಮೊತ್ತದ ಒಳಗೇ ಸೇರಿದೆಯಾ, ಬೇರೆಯಾಗಿ ಇದೆಯಾ ಅಂತ ಕೇಳಿ. ಬೇರೆಯಾಗಿದ್ದರೆ ಒಳ್ಳೆಯದು.

ಬ್ರಿಟನ್ ಬಗ್ಗೆಯೂ ಒಂದು ಮಾತು. ಅಲ್ಲಿ ಎಲ್ಲ ಉಚಿತ ಅಂತ ಜನ ಅಂದುಕೊಂಡಿರುತ್ತಾರೆ. ಇಂಗ್ಲೆಂಡ್‌ನ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೆ ಹೊರಗಿನವರಿಗೂ ಹಣ ಇಲ್ಲ, ನಿಜ. ಆದರೆ ಅಲ್ಲಿಂದ ವಾರ್ಡ್‌ಗೆ ಸೇರಿಸಿಕೊಂಡರೆ ಪ್ರವಾಸಿಗರಿಗೆ ಮಾಮೂಲಿ ದರದ ಶೇ 150ರಷ್ಟು ಬಿಲ್ ಹಾಕಬಹುದು.

ನಿಮಗೆ ಟಿಕೆಟ್ ಆಗಿದೆ ಅಲ್ವಾ? ಹಾಗಾದರೆ ಪಾಲಿಸಿಯನ್ನು ಈಗಲೇ ತಗೊಳ್ಳಿ. ಆಸ್ಪತ್ರೆ ಕವರ್ ಶುರುವಾಗುವುದು ಹೊರಟ ದಿನ. ಆದರೆ ಪ್ರವಾಸ ರದ್ದಾದರೆ ಕೊಡುವ ಕವರ್ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಶುರು. ಮುಂಚೆ ಕೊಂಡರೆ ಆ ತಿಂಗಳುಗಳೂ ನಿಮ್ಮವು. ಸುದ್ದಿಯಲ್ಲಿ ಬಂದ ಮೇಲೆ ಕೊಂಡರೆ ಕೆಲಸಕ್ಕೆ ಬರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡ್‌ನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿತ್ತಲ್ಲ, ಅಂಥದ್ದು ಶುರುವಾದ ಮೇಲೆ ಕೊಂಡ ಪಾಲಿಸಿಗೆ ಅದು "ಮೊದಲೇ ಗೊತ್ತಿದ್ದ ಘಟನೆ". ಅದಕ್ಕೆ ಹಣ ಕೊಡುವುದಿಲ್ಲ.

ಬೆಟ್ಟದಬೂಟು ಬರೆದದ್ದು:

ಅಪ್ಪ ಅಮ್ಮನ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಿಮ್ಮ ನಡಿಗೆ ಬಗ್ಗೆ ನಾನು ಹೇಳುತ್ತೇನೆ.

ಆ ಹಾದಿ ಸುಮಾರು 170 ಕಿಲೋಮೀಟರ್. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಸುತ್ತುತ್ತದೆ. ಎತ್ತರದ ಜಾಗ 2,665 ಮೀಟರ್ ಹತ್ತಿರ ಬರುತ್ತದೆ. ಪಾಲಿಸಿಗಳಲ್ಲಿ ನಡಿಗೆಗೆ ಎತ್ತರದ ಮಿತಿ ಇರುತ್ತದೆ. ಒಬ್ಬರು 2,000 ಮೀಟರ್ ಅಂತಾರೆ, ಇನ್ನೊಬ್ಬರು 3,000 ಅಂತಾರೆ. 2,000 ಇದ್ದರೆ ದಾರಿಯ ಎತ್ತರದ ಭಾಗಗಳಲ್ಲಿ ನಿಮಗೆ ಕವರ್ ಇರುವುದಿಲ್ಲ. "ಸಾಹಸ ಚಟುವಟಿಕೆ" ಅಂತ ಟ್ರೆಕಿಂಗನ್ನೇ ಹೊರಗಿಟ್ಟ ಪಾಲಿಸಿಗಳೂ ಇವೆ. ಹಣ ಸೇರಿಸಿ ಕೊಟ್ಟರೆ ಒಳಗೆ ತಗೊಳ್ಳುವವರೂ ಇದ್ದಾರೆ.

ಹುಡುಕಾಟ ಮತ್ತು ರಕ್ಷಣೆ ಅನ್ನುವ ಸಾಲು ಬೇರೆಯಾಗಿ ಇದೆಯಾ ನೋಡಿ. ಆಸ್ಪತ್ರೆ ಖರ್ಚು ಬೇರೆ, ಬೆಟ್ಟದಿಂದ ಇಳಿಸಿ ತರುವ ಖರ್ಚು ಬೇರೆ. ಫ್ರಾನ್ಸ್ ಬದಿಯ ಬೆಟ್ಟದಲ್ಲಿ ಸರ್ಕಾರಿ ರಕ್ಷಣಾ ತಂಡ ಸಾಮಾನ್ಯವಾಗಿ ಬಿಲ್ ಕೊಡುವುದಿಲ್ಲ. ಸ್ವಿಸ್ ಬದಿಯಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ ಬರುತ್ತದೆ. ಒಂದೇ ನಡಿಗೆಯಲ್ಲಿ ಗಡಿ ದಾಟುತ್ತೀರಿ, ಬಿದ್ದದ್ದು ಯಾವ ಬದಿ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಅಂದ ಹಾಗೆ ಶಾಮೊನಿಯಿಂದ ಎಗುಯಿ ದು ಮಿದಿ ಶಿಖರಕ್ಕೆ ಕೇಬಲ್ ಕಾರ್ ಇದೆ, 3,777 ಮೀಟರ್‌ವರೆಗೆ ಏರಿಸಿಬಿಡುತ್ತದೆ. ಅಪ್ಪನನ್ನು ಹತ್ತಿಸುವ ಮೊದಲು ಡಾಕ್ಟರ್ ಹತ್ತಿರ ಕೇಳಿ.

ದಾರಿಹೋಕ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟೆಂಟ್ ಬರೆಯುತ್ತೇನೆ, ಅದು ತೀರ್ಮಾನ ಆಯಿತು. ಇನ್ನೆರಡು ಅನುಮಾನ ಇದೆ. ವೀಸಾ ಸಿಗದಿದ್ದರೆ ಇನ್ಶೂರೆನ್ಸ್‌ನಿಂದ ಟಿಕೆಟ್ ಹಣ ವಾಪಸ್ ಬರುತ್ತದಾ? ಎರಡನೆಯ ಪಾಲಿಸಿಯಲ್ಲಿ ಲಗೇಜ್ ಮೊತ್ತ ತೀರಾ ಕಡಿಮೆ. ಬ್ಯಾಗ್ ಕಳೆದರೆ ಏನು ಮಾಡುವುದು? ಅಪ್ಪನ ಮಾತ್ರೆಗಳೂ ಬ್ಯಾಗ್‌ನಲ್ಲೇ ಇರುತ್ತವೆ.

ನಕ್ಷೆಪೆಟ್ಟಿಗೆ ಬರೆದದ್ದು:

ಬ್ಯಾಗ್‌ಗೆ ಮೊದಲ ಹೊಣೆ ವಿಮಾನ ಕಂಪನಿಯದು. 1999ರ ಮಾಂಟ್ರಿಯಲ್ ಒಪ್ಪಂದ ಇದೆ. ಚೆಕ್ ಇನ್ ಮಾಡಿದ ಬ್ಯಾಗ್ ಕಳೆದರೂ, ಹಾಳಾದರೂ, ತಡವಾದರೂ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ ವರೆಗೆ ಅವರು ಹೊಣೆ. ಎಸ್‌ಡಿಆರ್ ಅನ್ನುವುದು ಐಎಂಎಫ್‌ನ ಲೆಕ್ಕದ ಘಟಕ. 2024ರ ಡಿಸೆಂಬರ್ 28ರಿಂದ ಈ ಮಿತಿ ಜಾರಿಯಲ್ಲಿದೆ. ಬ್ಯಾಗ್ ಬರದಿದ್ದರೆ ನಿಲ್ದಾಣದಿಂದ ಹೊರಬರುವ ಮೊದಲೇ ಕೌಂಟರ್‌ನಲ್ಲಿ ಪಿಐಆರ್, ಅಂದರೆ ಬ್ಯಾಗ್ ತೊಂದರೆಯ ವರದಿ, ಬರೆಸಿ. ಆ ಕಾಗದ ಇಲ್ಲದೆ ಇನ್ಶೂರೆನ್ಸ್ ಕ್ಲೇಮ್ ಕೂಡ ಕಷ್ಟ. ಬ್ಯಾಗ್ ಹಾಳಾಗಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದರೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ವಿಮಾನ ಬಹಳ ತಡವಾದದ್ದಕ್ಕೂ ಯುರೋಪಿಯನ್ ಯೂನಿಯನ್‌ನಿಂದ ಹೊರಡುವ ವಿಮಾನಗಳಲ್ಲಿ ಬೇರೆ ನಿಯಮ ಇದೆ. ತಪ್ಪು ಕಂಪನಿಯದೇ ಆಗಿದ್ದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ ಕೊಡಬೇಕು. ಇಷ್ಟೆಲ್ಲ ಕಾನೂನಿನಲ್ಲೇ ಇರುವಾಗ ಇದಕ್ಕಾಗಿ ಆಸ್ಪತ್ರೆ ಕವರ್ ಬಿಟ್ಟುಕೊಡುವುದು ಸರಿಯಲ್ಲ.

ಕಡತದಮ್ಮ ಬರೆದದ್ದು:

ಮಾತ್ರೆಗಳು ಕೈಚೀಲದಲ್ಲೇ ಇರಬೇಕು. ಚೆಕ್ ಇನ್ ಬ್ಯಾಗ್‌ಗೆ ಹಾಕಲೇಬೇಡಿ. ಡಾಕ್ಟರ್ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ಬೇರೆ ದೇಶದ ಔಷಧ ಅಂಗಡಿಯವರಿಗೆ ನಮ್ಮ ಬ್ರ್ಯಾಂಡ್ ಗೊತ್ತಿರುವುದಿಲ್ಲ.

ವೀಸಾ ಸಿಗದಿರುವುದು ಸಾಮಾನ್ಯವಾಗಿ ರದ್ದತಿ ಕವರ್‌ನಲ್ಲಿ ಬರುವುದಿಲ್ಲ. ಸೇರಿಸಿರುವ ಪಾಲಿಸಿಗಳೂ ಇವೆ, ಆ ಸಾಲನ್ನು ಹುಡುಕಿ. ಹಲವು ಕಂಪನಿಗಳು ವೀಸಾ ನಿರಾಕರಣೆ ಪತ್ರ ತೋರಿಸಿದರೆ ಪ್ರೀಮಿಯಂ ವಾಪಸ್ ಕೊಡುತ್ತವೆ. ಅದು ಪ್ರೀಮಿಯಂ ಮಾತ್ರ, ಟಿಕೆಟ್ ಹಣ ಅಲ್ಲ.

ಇನ್ನೊಂದು ಕೆಲಸ ಮಾಡಿ. ಪಾಲಿಸಿ ನಂಬರ್ ಮತ್ತು 24 ಗಂಟೆ ಸಹಾಯವಾಣಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಮೂವರ ಪರ್ಸ್‌ನಲ್ಲೂ ಇಡಿ. ನೀವು ಬೆಟ್ಟದಲ್ಲಿ ಇರುವಾಗ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಅಮ್ಮನಿಗೆ ಆ ನಂಬರ್‌ಗೆ ಫೋನ್ ಮಾಡುವುದು ಗೊತ್ತಿರಬೇಕು. ಏನಾದರೂ ಆದರೆ ಮೊದಲು 112ಕ್ಕೆ ಕರೆ, ಆಂಬ್ಯುಲೆನ್ಸ್. ಆಸ್ಪತ್ರೆ ಮುಟ್ಟಿದ ತಕ್ಷಣ ಸಹಾಯವಾಣಿಗೆ ಕರೆ. ಬೇಗ ತಿಳಿಸಿದರೆ ಕಂಪನಿಯೇ ಆಸ್ಪತ್ರೆ ಜೊತೆ ಮಾತಾಡಿ ನೇರ ಹಣ ಕಟ್ಟುವ ವ್ಯವಸ್ಥೆ ಮಾಡಬಹುದು. ತಿಳಿಸದೆ ನೀವೇ ಕಟ್ಟಿದರೆ ಆಮೇಲೆ ಬಿಲ್, ವರದಿ, ಡಿಸ್ಚಾರ್ಜ್ ಪತ್ರ ಎಲ್ಲ ಹಿಡಿದು ಕ್ಲೇಮ್‌ಗೆ ಓಡಾಡಬೇಕಾಗುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ ಮೂವರ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ, ಅಪ್ಪನ ಸ್ಟೆಂಟ್ ಅದರಲ್ಲಿ ನಮೂದಾಗಿದೆಯಾ ಅಂತ ನೋಡಿ. ಏಜೆಂಟ್ ಬಾಯಲ್ಲಿ "ಹಾಕಿದ್ದೇನೆ" ಅಂದರೆ ಸಾಲದು, ಕಾಗದದಲ್ಲಿ ಕಾಣಬೇಕು. ಇಲ್ಲದಿದ್ದರೆ ಅವತ್ತೇ ಕಂಪನಿಗೆ ಇಮೇಲ್ ಮಾಡಿ ಸರಿಪಡಿಸಿಕೊಳ್ಳಿ.