‘ಡ್ರಿವೆಲ್’ ಅಂದ್ರೆ ಜೊಲ್ಲೋ, ಹುಚ್ಚು ಮಾತೋ?

ವಿರಾಜಪೇಟೆ ಟೀಚರ್:
ಒಂಬತ್ತನೇ ಕ್ಲಾಸಿಗೆ ಒಂದು ಇಂಗ್ಲಿಷ್ ಕಥೆ ಓದಿಸುತ್ತಿದ್ದೆ. ಅದರಲ್ಲಿ ಒಬ್ಬ ಇನ್ನೊಬ್ಬನ ಮಾತನ್ನು ‘ಡ್ರಿವೆಲ್’ ಅಂತ ತಳ್ಳಿಹಾಕುತ್ತಾನೆ. ಡಿಕ್ಷನರಿಯಲ್ಲಿ ನೋಡಿದರೆ ಎರಡು ಅರ್ಥ: ತಲೆಬುಡವಿಲ್ಲದ ಮಾತು, ಜೊಲ್ಲು. ‘ಮಿಸ್, ಜೊಲ್ಲಿಗೂ ಮಾತಿಗೂ ಏನು ಸಂಬಂಧ?’ ಅಂತ ಒಬ್ಬಳು ಕೇಳಿದಳು. ನಾಳೆ ಹೇಳ್ತೀನಿ ಅಂದಿದ್ದೇನೆ. ಜೊಲ್ಲು ಸುರಿಸುವುದಕ್ಕೇ ಇಂಗ್ಲಿಷಿನಲ್ಲಿ ಡ್ರೂಲ್, ಸ್ಲಾಬರ್, ಸ್ಲ್ಯಾವರ್ ಅಂತಲೂ ಇವೆಯಲ್ಲ, ಎಲ್ಲ ಒಂದೇ ಬೇರಿನವಾ?

ಮಡಿಕೇರಿ ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಹುಡುಗಿ, ಅವಳಿಗೆ ಶಾಬಾಸ್ ಹೇಳಿ ಮೇಡಂ. ಡ್ರಿವೆಲ್ ತುಂಬಾ ಹಳೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಡ್ರೆವ್ಲಿಯನ್’. ಆಗ ಮಾತಿನ ಸುದ್ದಿಯೇ ಇಲ್ಲ, ಬಾಯಿ ಮೂಗು ಸೋರುವುದಷ್ಟೇ. ಜೊಲ್ಲು ಸುರಿಸುವವನಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಜನ ನಂಬಿದ್ದರು. 1611ರ ಇಂಗ್ಲಿಷ್ ಬೈಬಲ್ ತೆಗೆಯಿರಿ: ದಾವೀದ ಗತ್ ಊರಿನ ಅರಸನೆದುರು ಹುಚ್ಚನ ಹಾಗೆ ನಟಿಸುವಾಗ ಬಾಗಿಲು ಕೆರೆಯುತ್ತಾನೆ, ಗಡ್ಡದ ಮೇಲೆ ಜೊಲ್ಲು ಇಳಿಬಿಡುತ್ತಾನೆ. ಅಷ್ಟು ಸಾಕು, ಅರಸ ನಂಬಿಬಿಡುತ್ತಾನೆ! ಅಂಥವರು ಆಡುವ ಮಾತಿಗೂ ಅದೇ ಹೆಸರು ಅಂಟಿಕೊಂಡಿತು. ಕಾಯಿಲೆಯಿಂದ ಬಾಯಿ ಸೋರುವವರನ್ನೂ ಹೀಗೇ ಅಂದರಲ್ಲ, ಅದು ನನಗೆ ಬೇಜಾರು. ಮಕ್ಕಳಿಗೆ ಇದನ್ನೂ ಹೇಳಿ.

ಡ್ರೂಲ್ ತೀರಾ ಈಚಿನದು, 1800ರ ನಂತರವೇ ಬಳಕೆಗೆ ಬಂದದ್ದು. ಡ್ರಿವೆಲ್ ಸವೆದು ಹಾಗಾಗಿರಬೇಕು ಅಂತಾರೆ. ಸ್ಲ್ಯಾವರ್ ಬೇರೆ ಮನೆಯದು, ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ ‘ಸ್ಲಾಫ್ರಾ’ದ ನಂಟು. ಗುಲಾಮರ ವ್ಯಾಪಾರಿಗೂ ಇದೇ ಸ್ಪೆಲಿಂಗ್, ಆದರೆ ಅದನ್ನು ‘ಸ್ಲೇವರ್’ ಅಂತ ಓದಬೇಕು, ಮೂಲವೂ ಬೇರೆ. ಸ್ಲಾಬರ್‌ಗೆ ಡಚ್ಚಿನಲ್ಲಿ ‘ಸ್ಲಾಬರೆನ್’ ಅಂತ ಒಡಹುಟ್ಟು ಇದೆ.

ಕುಶಾಲನಗರದ ರೈತ:
ನಮ್ಮ ‘ಜೊಳ್ಳು ಮಾತು’ ಕೂಡ ಇದೇ ಅಲ್ವಾ ಮೇಷ್ಟ್ರೇ?

ಮಡಿಕೇರಿ ಮೇಷ್ಟ್ರು:
ಅಲ್ಲ ಮಾರಾಯ್ರೇ. ಭತ್ತ ತೂರುವಾಗ ಗಾಳಿಗೆ ಹಾರಿಹೋಗುತ್ತಲ್ಲ, ಒಳಗೆ ಅಕ್ಕಿ ಕಟ್ಟದ್ದು, ಅದು ಜೊಳ್ಳು. ಬಾಯಿಂದ ಸೋರುವುದು ಜೊಲ್ಲು. ನಿಮ್ಮ ಮಾತು ಗದ್ದೆಯಿಂದ ಬಂದದ್ದು.

ಪೊನ್ನಂಪೇಟೆ ಹಾಕಿ:
ಹಾಗಾದ್ರೆ ನಮ್ಮ ಹಾಕಿಯ ಡ್ರಿಬಲ್? ಮಗುವಿನ ಬಾಯಿಗೂ ಅದನ್ನೇ ಅಂತಾರಲ್ಲ?

ಮಡಿಕೇರಿ ಮೇಷ್ಟ್ರು:
ಅದು ‘ಡ್ರಿಪ್’ ಬಳಗದ್ದು, ಹನಿಹನಿಯಾಗಿ ಬೀಳುವುದು. ಚೆಂಡನ್ನೂ ಒಂದೇ ಏಟಿಗೆ ದೂರ ಹೊಡೆಯದೆ ಚೂರುಚೂರೇ ತಳ್ಳಿಕೊಂಡು ಹೋಗ್ತೀರಲ್ಲ, ಹಾಗಾಗಿ ಆಟಕ್ಕೂ ಬಂತು. ಟೀಚರ್, ನಾಳೆ ಇದರಿಂದಲೇ ಶುರು ಮಾಡಿ. ನಮ್ಮ ಕೊಡಗಿನ ಮಕ್ಕಳಿಗೆ ಹಾಕಿ ಅಂದ್ರೆ ಕಿವಿ ನೆಟ್ಟಗಾಗುತ್ತೆ.