ಥರ್ಮಲ್ ಕ್ಯಾಮೆರಾ ಕೊಳ್ಳಲೋ, ತಜ್ಞರನ್ನು ಕರೆಸಲೋ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹಳೇ ಮನೆ. ಹೀಟರ್ ಎಷ್ಟು ಉರಿಸಿದರೂ ಮೇಲಿನ ಕೋಣೆ ಬೆಚ್ಚಗಾಗುವುದಿಲ್ಲ. ಶಾಖ ಎಲ್ಲಿ ಸೋರುತ್ತಿದೆ ಅಂತ ನೋಡಲು ಬಿಸಿ ಜಾಗವನ್ನು ಕೆಂಪಾಗಿ, ತಣ್ಣನೆ ಜಾಗವನ್ನು ನೀಲಿಯಾಗಿ ತೋರಿಸುವ ಥರ್ಮಲ್ ಕ್ಯಾಮೆರಾಗಳಲ್ಲಿ ಫೋನಿಗೆ ಸಿಕ್ಕಿಸುವಂಥದ್ದು ಸಾಕಾ?

ಚಳಿಗೋಡೆ: ತಜ್ಞರ ಸಹವಾಸವೇ ಬೇಡ. ನಾವು ಕರೆಸಿದ ಮಹಾನುಭಾವರು ಬಂದಿದ್ದು ಮಟಮಟ ಮಧ್ಯಾಹ್ನ. ಬಿಸಿಲು ಕುಡಿದ ಗೋಡೆಯನ್ನು ಹೊರಗಿನಿಂದ ಹಿಡಿದು, ‘ಇಡೀ ಗೋಡೆ ಸೋರುತ್ತಿದೆ’ ಅಂದರು. ಒಳಗೂ ಹೊರಗೂ ಸುಮಾರು 10 ಡಿಗ್ರಿ ವ್ಯತ್ಯಾಸ ಬೇಕು, ಅವತ್ತು ಅದರ ಅರ್ಧವೂ ಇರಲಿಲ್ಲ. ತಪಾಸಣೆಗೆ ಬೇರೆ, ಓಡಾಟಕ್ಕೆ ಬೇರೆ, ವರದಿಗೆ ಬೇರೆ, ಅದನ್ನು ಕಲರ್ ಪ್ರಿಂಟ್ ಹಾಕಿದ್ದಕ್ಕೂ ಬೇರೆ ದುಡ್ಡು! ಗೋಡೆಗೆಲ್ಲ ಶಾಖ ತಡೆಯುವ ಹೊದಿಕೆ, ಅದೇ ಇನ್ಸುಲೇಶನ್, ಹಾಕಿಸಿದ್ದಾಯಿತು. ಚಳಿ ಹಾಗೇ ಇದೆ.

ಬೆಳಗಿನಜಾವ: ಅದಕ್ಕೇ ನಾನು ಸ್ವಂತದ್ದು ತಗೊಂಡಿದ್ದು. 160×120 ಪಿಕ್ಸೆಲ್. ಸೂರ್ಯ ಹುಟ್ಟುವ ಮುಂಚೆ ಎದ್ದು ನೋಡಿದೆ. ಅಟ್ಟದ ಮುಚ್ಚಳದ ಅಂಚಿನಿಂದ ಚಾವಣಿ ಮೇಲೆ ನೀಲಿ ಎಳೆಗಳು, ಹಕ್ಕಿ ಗರಿ ಬಿಡಿಸಿಟ್ಟ ಹಾಗೆ. ತಣ್ಣನೆ ಗಾಳಿ ನುಗ್ಗುವ ಗುರುತೇ ಅದು. ರಬ್ಬರ್ ಪಟ್ಟಿ ಅಂಟಿಸಿದೆ, ಮುಗೀತು.

ಅಳತೆಗಾರ: ಹೇಗೆ ಮುಗೀತು ಸ್ವಾಮಿ? ನೀಲಿ ಕಂಡಿದ್ದೆಲ್ಲ ಸೋರಿಕೆ ಅಲ್ಲ. ಯಾವ ಬಣ್ಣಕ್ಕೆ ಎಷ್ಟು ಡಿಗ್ರಿ ಅನ್ನುವ ಸ್ಕೇಲನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳಲು ಬಿಟ್ಟರೆ (ಆಟೋ), ಎರಡು ಡಿಗ್ರಿ ವ್ಯತ್ಯಾಸವೂ ಕಡುಗೆಂಪು, ಕಡುನೀಲಿ ಆಗುತ್ತದೆ. ನಮ್ಮಲ್ಲಿ ಹೀಗೇ ನೀಲಿ ನೋಡಿ ಗುತ್ತಿಗೆದಾರರು ಚಾವಣಿ ಒಡೆದರು. ಇನ್ಸುಲೇಶನ್ ಅಲ್ಲೇ ಇತ್ತು, ಪೈಪ್ ಸೋರಿ ನೆನೆದು ಮುದ್ದೆಯಾಗಿತ್ತು. ಒದ್ದೆ ಜಾಗ ಆರುತ್ತಾ ತಣ್ಣಗಾಗುತ್ತದೆ, ಕ್ಯಾಮೆರಾಗೆ ಸೋರಿಕೆಯೂ ಒದ್ದೆಯೂ ಒಂದೇ. ಒಡೆದ ಕೂಲಿ, ಪ್ಲಾಸ್ಟರ್, ಬಣ್ಣ, ಕಸ ಸಾಗಿಸಿದ್ದು, ಎಲ್ಲ ನನ್ನ ತಲೆಗೇ. ತೇವ ಅಳೆಯುವ ಮೀಟರ್ ಒಂದು ಸಲ ಚುಚ್ಚಿದ್ದರೆ ಸಾಕಿತ್ತು.

ಬೆಳಗಿನಜಾವ: ಗಾಳಿಯ ಎಳೆಗೂ ಒದ್ದೆಯ ಕಲೆಗೂ ವ್ಯತ್ಯಾಸ ಗೊತ್ತಾಗದವರು ಕ್ಯಾಮೆರಾಗೆ ಬೈಯಬಾರದು.

ಅಳತೆಗಾರ: ಬ್ಲೋವರ್ ಡೋರ್, ಅಂದರೆ ಗಾಳಿ ಸೋರಿಕೆ ಅಳೆಯಲು ಬಾಗಿಲಿಗೆ ಕೂರಿಸುವ ದೊಡ್ಡ ಫ್ಯಾನ್, ಕಟ್ಟಿ 50 ಪಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ನೋಡಿ, ಆಮೇಲೆ ಮಾತಾಡೋಣ. ನಿಮ್ಮ ಪಟ್ಟಿ ಎಷ್ಟು ತಡೆಯುತ್ತೆ ಅಂತ ಗೊತ್ತಾಗುತ್ತೆ.

ಚಳಿಗೋಡೆ: ಜಗಳ ಆಮೇಲೆ. ನಮ್ಮ ವರದಿಯಲ್ಲಿ ಕಿಟಕಿ ಗಾಜಿನ ನಡುವೆ ಉದ್ದನೆ ಕೆಂಪು ಮಚ್ಚೆ ಇದೆ. ಬಾಣ ಹಾಕಿ ‘ಗಂಭೀರ ದೋಷ’ ಅಂತ ಬರೆದಿದ್ದಾರೆ. ಏನದು?

ಬೆಳಗಿನಜಾವ: ಫೋಟೋ ತೆಗೆದವರೇ ಅದು! ಇನ್‌ಫ್ರಾರೆಡ್‌ನಲ್ಲಿ ಗಾಜಿನಾಚೆ ಏನೂ ಕಾಣುವುದಿಲ್ಲ. ಎದುರಿಗೆ ನಿಂತವರ ಮೈ ಬಿಸಿಯೇ ಅದರಲ್ಲಿ ಪ್ರತಿಫಲಿಸುತ್ತದೆ.

ಚಳಿಗೋಡೆ: ಅದಕ್ಕೂ ದುಡ್ಡು ಕೊಟ್ಟಿದ್ದೀವಲ್ಲ ಮಾರಾಯ್ರೆ!

ಪ್ರಶ್ನೆ ಕೇಳಿದವರು: ಹಾಗಾದ್ರೆ ಫೋನಿಗೆ ಸಿಕ್ಕಿಸುವುದು ಸಾಕು, ಅಲ್ವಾ?

ಅಳತೆಗಾರ: ಮೊದಲು ಈ ಬೆಳಗಿನಜಾವದವರು ಕ್ಯಾಮೆರಾದಲ್ಲಿ ಎಮಿಸಿವಿಟಿ, ಅಂದರೆ ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಅನ್ನುವ ಅಂಕಿ, ಎಷ್ಟು ಇಟ್ಟಿದ್ದರು ಅಂತ ಹೇಳಲಿ.